ಒಂದೇ ಒಂದು ಉತ್ತರಕ್ಕೆ ಫೇಲಾಗಿ, ಪಾಸಾದ ಮೇಲೆ

ಹೋದ ವಾರ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್‌ನಲ್ಲಿ ನನ್ನ ಹೆಸರಿನ ಸರ್ಟಿಫಿಕೇಟ್ ತೆರೆದುಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನೆ ಬಗ್ಗೆ ಒಂದು ಆನ್‌ಲೈನ್ ಕೋರ್ಸ್. ನಡೆಸುವುದು ಅಮೆರಿಕದ ವರ್ಜೀನಿಯಾದಲ್ಲಿರುವ ಪೀಸ್ ಆಪರೇಷನ್ಸ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್. ನಾನು ಓದಿದ್ದು ದಾವಣಗೆರೆಯ ನಮ್ಮ ಮನೆಯ ಮಂಚದ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು.

ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್ಲಿಗೂ ಹೊರಟಿಲ್ಲ. ಓಣಿಯಲ್ಲಿ ಆಗಲೇ "ಪಿಎಸ್‌ಐ ಮೇಡಂ ಅಮೆರಿಕಕ್ಕೆ ಹೋಗ್ತಾರಂತೆ" ಅಂತ ಸುದ್ದಿ. ಈ ಸರ್ಟಿಫಿಕೇಟ್ ನೋಡಿ ಯಾರೂ ಮಿಷನ್‌ಗೆ, ಅಂದರೆ ವಿಶ್ವಸಂಸ್ಥೆ ಬೇರೆ ದೇಶದಲ್ಲಿ ನಡೆಸುವ ಶಾಂತಿಪಾಲನೆ ಕೆಲಸಕ್ಕೆ, ಕಳಿಸುವುದಿಲ್ಲ. ಪೊಲೀಸರಿಗೆ ಅದರ ಆಯ್ಕೆಯೇ ಬೇರೆ. ಇಂಗ್ಲಿಷ್, ಡ್ರೈವಿಂಗ್, ಫೈರಿಂಗ್ ಎಲ್ಲದರಲ್ಲೂ ಪಾಸಾಗಬೇಕು. ಇದು ಅದಕ್ಕೆ ಮುಂಚಿನ ಓದು, ಅಷ್ಟೇ.

ಕಾಲಿನ ಕಥೆ ಚಿಕ್ಕದು. ಬಂದೋಬಸ್ತ್ ಮುಗಿಸಿ ಬರುವಾಗ ಚರಂಡಿ ಮೇಲಿನ ಚಪ್ಪಡಿ ಮುರಿದು ಕಾಲು ಒಳಗೆ ಹೋಯಿತು. ಆರು ವಾರ ಅಂದಿದ್ದು ಮೂರು ತಿಂಗಳಾಯಿತು. ಮೊದಲ ಹದಿನೈದು ದಿನ ರೀಲ್ಸ್ ನೋಡಿದೆ. ಆಮೇಲೆ ಸುಮ್ನೆ ಅಳು ಬರುತ್ತಿತ್ತು. ಆಗ ನನ್ನ ಬ್ಯಾಚ್‌ಮೇಟ್ ಒಬ್ಬಳು ಈ ಕೋರ್ಸಿನ ಲಿಂಕ್ ಕಳಿಸಿ, "ನೀನು ಲೈಬೀರಿಯಾ ಲೈಬೀರಿಯಾ ಅಂತಿದ್ದೆಯಲ್ಲ, ಓದು" ಅಂದಳು. ಅವಳಿಗೆ ಮೊದಲ ಥ್ಯಾಂಕ್ಸ್. 2007ರಲ್ಲಿ ನಮ್ಮ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿದ್ದರು. ವಿಶ್ವಸಂಸ್ಥೆಯ ಮಿಷನ್‌ಗಳಲ್ಲಿ ಬರೀ ಮಹಿಳೆಯರೇ ಇದ್ದ ಮೊದಲ ಪೊಲೀಸ್ ತುಕಡಿ ಅದು. ನಾನಾಗ ಹೈಸ್ಕೂಲು. ನಾನು ಖಾಕಿ ಹಾಕಿದ್ದಕ್ಕೆ ಅದೂ ಒಂದು ಕಾರಣ.

ಪುಸ್ತಕ ಇಂಗ್ಲಿಷಿನದು. ಎಫ್‌ಐಆರ್ ಬರೆಯುವ ನನ್ನ ಇಂಗ್ಲಿಷ್ ಅಲ್ಲಿಗೆ ಸಾಲಲಿಲ್ಲ. ಪರದೆ ನೋಡಿ ತಲೆನೋವು ಬೇರೆ. ಜಯದೇವ ಸರ್ಕಲ್ ಕಡೆಯ ಜೆರಾಕ್ಸ್ ಅಂಗಡಿಯಣ್ಣ ಅಷ್ಟೂ ಪುಟ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ, ಮನೆಗೇ ತಂದುಕೊಟ್ಟರು. ಎದುರು ಮನೆಯ ನಿವೃತ್ತ ಮೇಷ್ಟ್ರು ದಿನಾ ಸಂಜೆ ಐದಕ್ಕೆ ಬಂದು ಕೂರುತ್ತಿದ್ದರು. ಕೈಯಲ್ಲಿ ಪೆನ್ಸಿಲ್, ಜೇಬಲ್ಲಿ ಮಂಡಕ್ಕಿ ಪೊಟ್ಟಣ.

ಸೈಪ್ರಸ್ ಪಾಠ ಬಂದ ದಿನ ಅವರು ಪುಸ್ತಕ ಮುಚ್ಚಿಟ್ಟು ಕೊಡಗಿನ ಜನರಲ್ ತಿಮ್ಮಯ್ಯನವರ ಕಥೆ ಹೇಳಿದರು. ಅಲ್ಲಿನ ಶಾಂತಿಪಡೆಯ ಕಮಾಂಡರ್ ಆಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ, ಅವರು ತೀರಿಕೊಂಡರು. 1964ರಲ್ಲಿ ಆ ಪಡೆಯನ್ನು ಕಳಿಸಿದ್ದು ಮೂರು ತಿಂಗಳಿಗೆ ಅಂತ. ಇವತ್ತಿಗೂ ಅಲ್ಲೇ ಇದೆ. "ನಿನ್ನ ಪ್ಲಾಸ್ಟರ್ ಪರವಾಗಿಲ್ಲ ಬಿಡಮ್ಮ" ಅಂದರು ಮೇಷ್ಟ್ರು.

ಪರೀಕ್ಷೆಯಲ್ಲಿ 50 ಪ್ರಶ್ನೆ. ಪಾಸಾಗಲು 75 ಪರ್ಸೆಂಟ್ ಬೇಕು. ನನ್ನದು 37 ಸರಿ. ಅಂದರೆ 74 ಪರ್ಸೆಂಟ್! ಒಂದೇ ಒಂದು ಉತ್ತರಕ್ಕೆ ಹೋಯಿತು. ಪುಣ್ಯಕ್ಕೆ ಇನ್ನೊಂದು ಅವಕಾಶ ಇತ್ತು.

ನಾನು ಎಡವಿದ್ದು ನಿಷ್ಪಕ್ಷಪಾತ ಮತ್ತು ತಟಸ್ಥ ಅನ್ನುವ ಎರಡು ಮಾತಿನಲ್ಲಿ. ಎರಡೂ ಒಂದೇ ಅಲ್ವಾ ಅಂತ ನಾನು. ಮೇಷ್ಟ್ರು ಕಿಟಕಿ ತೋರಿಸಿದರು. ಅವತ್ತು ನೀರು ಬಿಡುವ ದಿನ. ನಲ್ಲಿ ಮುಂದೆ ಕೊಡಗಳ ಸಾಲು, ನಡುವೆ ಸೆರಗು ಸಿಕ್ಕಿಸಿಕೊಂಡ ನಮ್ಮತ್ತೆ. ಯಾರದೋ ಕೊಡ ಸಾಲು ಬಿಟ್ಟು ಮುಂದೆ ಬಂದಿತ್ತು. ಅತ್ತೆ ಮಾತಾಡದೆ ಅದನ್ನು ಎತ್ತಿ ಹಿಂದೆ ಇಟ್ಟರು. ಆ ಕೊಡ ಅವರ ಸ್ವಂತ ತಂಗಿಯದು! ಪಕ್ಕದಲ್ಲೇ ಒಬ್ಬರು ಕೈಕಟ್ಟಿ "ನಮಗ್ಯಾಕೆ ಬೇಕು" ಅಂತ ನಿಂತಿದ್ದರು. "ಅವರು ತಟಸ್ಥ, ನಿಮ್ಮತ್ತೆ ನಿಷ್ಪಕ್ಷಪಾತ" ಅಂದರು ಮೇಷ್ಟ್ರು.

ವಿಶ್ವಸಂಸ್ಥೆ 2008ರಲ್ಲಿ ತಂದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ, ಅಲ್ಲಿ ಉದಾಹರಣೆ ರೆಫರಿಯದು. ಯಾರ ಕಡೆಗೂ ವಾಲಬಾರದು, ಆದರೆ ಫೌಲ್ ಆದರೆ ಸೀಟಿ ಊದಲೇಬೇಕು. ಶಾಂತಿಪಾಲನೆಗೆ ಮೂರು ಮೂಲ ತತ್ವ, ನಿಷ್ಪಕ್ಷಪಾತ ಅದರಲ್ಲೊಂದು. ಉಳಿದ ಎರಡೂ ನಲ್ಲಿ ಹತ್ತಿರವೇ ಸಿಕ್ಕವು. ಎರಡೂ ಕಡೆಯವರ ಒಪ್ಪಿಗೆ ಇರಬೇಕು: ಓಣಿಯವರೇ ಸೇರಿ "ಅಮ್ಮಾ, ನೀವೇ ನಿಂತು ನೋಡ್ಕೊಳ್ಳಿ" ಅಂದಿದ್ದರು. ಆತ್ಮರಕ್ಷಣೆಗೆ, ಒಪ್ಪಿಸಿದ ಕೆಲಸದ ರಕ್ಷಣೆಗೆ ಬಿಟ್ಟರೆ ಬಲ ಬಳಸಬಾರದು: ಕೊಡ ಎತ್ತಿಡುವುದಕ್ಕಿಂತ ಜಾಸ್ತಿ ಅತ್ತೆ ಏನೂ ಮಾಡುವುದಿಲ್ಲ. ಬಾಯಿ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೇ ಸಲ 44 ಸರಿಯಾಯಿತು. ಅತ್ತೆಗೆ ಹೇಳಿದರೆ, "ಉಳಿದ ಆರು ಯಾಕೆ ಹೋಯ್ತು?" ಅಂದರು.

ಮೂರು ತಿಂಗಳು ಅಡುಗೆ ಮಾಡಿದ ಗಂಡನಿಗೂ ಥ್ಯಾಂಕ್ಸ್. ಉಪ್ಪಿನ ವಿಷಯ ಇಲ್ಲಿ ಬೇಡ. ನನ್ನ ಪಾಲಿನ ನೈಟ್ ಡ್ಯೂಟಿ ಹಂಚಿಕೊಂಡ ಸ್ಟೇಷನ್ನಿನ ಎಲ್ಲರಿಗೂ ಬೆಣ್ಣೆದೋಸೆ ಬಾಕಿ ಇದೆ. ಈ ಭಾನುವಾರ ಬನ್ನಿ, ಕಾಲು ಈಗ ನೆಲ ಊರುತ್ತದೆ.

ಸ್ಪೈರಲ್ ಪುಸ್ತಕ ನನ್ನ ಹತ್ತಿರವೇ ಇದೆ. ಹೊಸದಾಗಿ ಸೇರಿದ ಹುಡುಗಿಯರು ಯಾರಾದರೂ ಓದುವುದಿದ್ದರೆ ಬಂದು ತಗೊಂಡು ಹೋಗಿ. ಅಂಚಿನ ತುಂಬಾ ಮೇಷ್ಟ್ರು ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದಾರೆ, ಅಳಿಸಬೇಡಿ. ಸೈಪ್ರಸ್ ಪುಟದ ಮೇಲಿನ ಸಾರಿನ ಕಲೆ ನನ್ನದು.