ಕಂಠೀರವದಾಚೆಗೂ ಫುಟ್‌ಬಾಲ್ ಇದೆ, ಸಚಿವರೇ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಸನ್ಮಾನ್ಯರೇ,

2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹಾದ್ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಕಾದ ಮೇಲೆ ಬಂದ ಗೆಲುವು ಅದು. ಅದಕ್ಕೂ ಮೊದಲು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದದ್ದೆಲ್ಲ ಮೈಸೂರು ರಾಜ್ಯದ ಹೆಸರಿನಲ್ಲಿ. ಕರ್ನಾಟಕ ಎಂಬ ಹೆಸರಿನಲ್ಲಿ ಟ್ರೋಫಿ ಬಂದದ್ದು ಅದೇ ಮೊದಲು, ಅದೂ ನಾಮಕರಣದ ಸುವರ್ಣ ವರ್ಷದಲ್ಲಿ. ಅಭಿನಂದನೆ, ಹಾರ, ಶಾಲು ಎಲ್ಲವೂ ಆದವು. ನನ್ನ ಪ್ರಶ್ನೆ ಅವೆಲ್ಲ ಮುಗಿದ ಮೇಲಿನದು. ರಿಯಾದ್‌ನಲ್ಲಿ ಗೆದ್ದ ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ ಹದಿನಾಲ್ಕರ ಹುಡುಗನೊಬ್ಬ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾನೆ?

ನಾನು ಅಂಥ ಹುಡುಗರಿಗೆ ಬೆಳಿಗ್ಗೆ ತರಬೇತಿ ಕೊಡುವವನು, ಆದ್ದರಿಂದ ಉತ್ತರವನ್ನೂ ಹೇಳಬಲ್ಲೆ. ಶಾಲಾ ಕ್ರೀಡಾಕೂಟ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಹತ್ತುತ್ತದೆ. ಆದರೆ ಎಲ್ಲ ಕಡೆಯೂ ಸೋತವರು ಮನೆಗೆ ಎಂಬ ನಾಕೌಟ್ ಪದ್ಧತಿ. ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ಸೋತ ತಂಡಕ್ಕೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಮಳೆಯಿಂದ ಕೆಸರಾದ ಮೈದಾನದಲ್ಲಿ ಸಮಯ ಸಾಲದೆಂದು ಒಂದೇ ದಿನ ಎಲ್ಲ ಪಂದ್ಯ ಮುಗಿಸುವ ಅವಸರಕ್ಕೆ ಆಟದ ಅವಧಿಗೂ ಕತ್ತರಿ ಬೀಳುತ್ತದೆ. ಪೆನಾಲ್ಟಿಯಲ್ಲಿ ಸೋತ ಮಕ್ಕಳು ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳುತ್ತಾರೆ. ಬಸ್ ಚಾರ್ಜನ್ನು ಬಹಳ ಸಲ ದೈಹಿಕ ಶಿಕ್ಷಕರೇ ತಮ್ಮ ಜೇಬಿನಿಂದ ಕೊಟ್ಟಿರುತ್ತಾರೆ. ಆ ಶಿಕ್ಷಕರ ಹುದ್ದೆಯೇ ಖಾಲಿ ಇರುವ ಶಾಲೆಗಳ ಮಾತು ಬೇರೆ. ಅಲ್ಲಿಂದ ತಂಡವೇ ಬರುವುದಿಲ್ಲ.

ಈ ರಾಜ್ಯಕ್ಕೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ರೆಜಿಮೆಂಟುಗಳು ಆಡಿದ ಆಟವನ್ನು ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳ ಹುಡುಗರು ಬರಿಗಾಲಲ್ಲಿ ಕಲಿತರು. ಗೋರಾ ಪಡೆಗಳ ತಂಡಗಳೇ ಮೆರೆಯುತ್ತಿದ್ದ ಬಾಂಬೆಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕೈಚೆಲ್ಲಿ 1–2ರಿಂದ ಸೋತಿತಲ್ಲ, ಆ ಒಂದು ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯವರು ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ಪಡೆಯ ಆಟಗಾರರಲ್ಲಿ ಒಬ್ಬರಾದರು. ಆ ಐವರಲ್ಲಿ ಇನ್ನೊಬ್ಬರಾದ ಧನರಾಜ್ ಕೂಡ ಬೆಂಗಳೂರಿನವರೇ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ತಂಡದಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು.

ಇಂಥ ಆಟಗಾರರು ಆಡುತ್ತಲೇ ಸಂಸಾರ ನಡೆಸಬಹುದಾದ ಒಂದು ವ್ಯವಸ್ಥೆ ಆಮೇಲೆ ಬೆಂಗಳೂರಿನಲ್ಲಿ ಬೆಳೆಯಿತು. ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಎಚ್‌ಎಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ಯಮಗಳು ತಂಡ ಕಟ್ಟಿ, ಆಟಗಾರರಿಗೆ ನೌಕರಿ ಕೊಟ್ಟವು. ಮಧ್ಯಾಹ್ನದವರೆಗೆ ಕಾರ್ಖಾನೆ, ಆಮೇಲೆ ಅಭ್ಯಾಸ. ಬಡವರ ಮನೆಯ ತಾಯಂದಿರು ಮಗನನ್ನು ಚೆಂಡಿನ ಹಿಂದೆ ಬಿಡಲು ಇದೇ ಕಾರಣ, ಇದರಲ್ಲಿ ಯಾವ ಆದರ್ಶವೂ ಇರಲಿಲ್ಲ. ಎಚ್‌ಎಎಲ್ ತಂಡ 2010–11 ಮತ್ತು 2011–12ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ನಲ್ಲಿ ಆಡಿತು, ಎರಡೇ ವರ್ಷಕ್ಕೆ ಹಿಂಬಡ್ತಿ ಪಡೆಯಿತು. ಉದ್ಯಮಗಳು ಸೊರಗಿದಂತೆ ಕ್ರೀಡಾ ಕೋಟಾದ ನೇಮಕಾತಿಯೂ ಬತ್ತಿತು. ಆ ಜಾಗವನ್ನು ತುಂಬಲು ಬಂದದ್ದು ಖಾಸಗಿ ಕ್ಲಬ್.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯನ್ನೂ ತಂದಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಖಾಸಗಿ ಕ್ಲಬ್‌ಗೆ ನಷ್ಟದ ಲೆಕ್ಕವೂ ಇರುತ್ತದೆ. 2025ರ ಜುಲೈನಲ್ಲಿ ಐಎಸ್‌ಎಲ್ ಅನಿಶ್ಚಿತತೆಗೆ ಸಿಲುಕಿದ್ದೇ ತಡ, ಆ ಕ್ಲಬ್ಬು ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಬೇಕಾಯಿತು. ಒಬ್ಬ ಪ್ರಾಯೋಜಕ ಮತ್ತು ಒಂದು ಒಪ್ಪಂದವನ್ನು ನಂಬಿದ ಫುಟ್‌ಬಾಲ್ ಹೀಗೆಯೇ. ಬೇರು ಜಿಲ್ಲೆಗಳಲ್ಲಿ ಇಲ್ಲದಿದ್ದರೆ ಮೇಲಿನ ಕೊಂಬೆಗೆ ಸಣ್ಣ ಗಾಳಿಯೂ ಜಾಸ್ತಿಯೇ.

ಕಂಠೀರವದ ಜಗಳವನ್ನೂ ತಾವು ಬಲ್ಲಿರಿ. ಸುತ್ತಲಿನ ಟ್ರ್ಯಾಕ್ ತಮಗೆ ಬೇಕೆಂದು ಓಟಗಾರರು, ನಡುವಿನ ಹುಲ್ಲು ತಮಗೆ ಬೇಕೆಂದು ಫುಟ್‌ಬಾಲಿಗರು ಜಗಳವಾಡಿ, ವಿವಾದ ನ್ಯಾಯಾಲಯದವರೆಗೂ ಹೋಯಿತು. ನನ್ನ ಪಾಲಿಗೆ ಇಬ್ಬರೂ ಸರಿ. ಒಂದು ಕ್ರೀಡಾಂಗಣದಲ್ಲಿ ಎರಡು ಮನೆ ಮಾಡಿಸಿ ಎರಡನೆಯ ಕ್ರೀಡಾಂಗಣ ಕಟ್ಟದ ಇಲಾಖೆ ಮಾತ್ರ ತಪ್ಪು. ದಕ್ಷಿಣ ಏಷ್ಯಾ ದೇಶಗಳ 2023ರ ಸ್ಯಾಫ್ ಚಾಂಪಿಯನ್‌ಷಿಪ್ ಅಲ್ಲೇ ನಡೆಯಿತು. ಭಾರತ ಪಾಕಿಸ್ತಾನವನ್ನು 4–0ರಿಂದ ಸೋಲಿಸಿತು, ಸುನಿಲ್ ಚೆಟ್ರಿ ಮೂರು ಗೋಲು ಹೊಡೆದರು. ಪ್ರೇಕ್ಷಕರಿಗೇನೂ ಕೊರತೆಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಈಗ ಬೆಂಗಳೂರಿನಾಚೆ ಬನ್ನಿ. ಬೆಳಗಾವಿಯ ಲೇಲೆ ಮೈದಾನ, ಮಂಗಳೂರಿನ ನೆಹರೂ ಮೈದಾನ, ಕೆಜಿಎಫ್‌ನ ಗಣಿ ಕಾಲೊನಿಗಳು, ಕೊಡಗಿನ ಊರುಗಳು: ಆಟ ಎಲ್ಲೆಡೆ ಇದೆ, ಲೀಗ್‌ನ ನೆಲೆ ಇಲ್ಲ. ನಮ್ಮ ಜಿಲ್ಲಾ ಕ್ರೀಡಾಂಗಣದ ಕತೆಯನ್ನೇ ಹೇಳುತ್ತೇನೆ. ಆಗಸ್ಟ್ 15, ನವೆಂಬರ್ 1, ಜನವರಿ 26, ಜೊತೆಗೆ ಆಗಾಗ್ಗೆ ಒಂದು ಮೇಳ, ಒಂದು ಸಮಾವೇಶ. ಶಾಮಿಯಾನ ಹಾಕುವವರು ಗೂಟ ಹೊಡೆಯುವುದು ಪೆನಾಲ್ಟಿ ಚೌಕದೊಳಗೇ. ಕಾರ್ಯಕ್ರಮ ಮುಗಿದ ಮೇಲೆ ಗೂಟ ಕೀಳುತ್ತಾರೆ, ಗುಳಿ ಮುಚ್ಚುವುದಿಲ್ಲ. ಅಭ್ಯಾಸ ಶುರುವಾಗುವ ಮುನ್ನ ಹುಡುಗರು ಸಾಲಾಗಿ ನಡೆದು, ಕಾಲಿನಿಂದಲೇ ಗುಳಿ ಹುಡುಕಿ, ಮಣ್ಣು ತುಂಬುತ್ತಾರೆ. ಆದರೂ ಒಬ್ಬರಲ್ಲ ಒಬ್ಬರ ಕಣಕಾಲು ಉಳುಕುತ್ತದೆ. ಗೋಲ್‌ಕಂಬಗಳು ತುಕ್ಕು ಹಿಡಿದಿವೆ, ಬಲೆ ನಾವೇ ಕಟ್ಟಿ ಬಿಚ್ಚುತ್ತೇವೆ. ಮೈದಾನ ಕೇಳಿ ಅರ್ಜಿ ಕೊಟ್ಟರೆ ಬಾಡಿಗೆಯ ಮಾತು ಬರುತ್ತದೆ. ಮದುವೆಗೂ ಫುಟ್‌ಬಾಲ್‌ಗೂ ಒಂದೇ ರಸೀದಿ ಪುಸ್ತಕ.

ಮಿಜೋರಾಂ ನೋಡಿ. 2011ರ ಜನಗಣತಿಯಂತೆ ಅದರ ಜನಸಂಖ್ಯೆ ಹನ್ನೊಂದು ಲಕ್ಷ, ನಮ್ಮ ಹಲವು ಜಿಲ್ಲೆಗಳಿಗಿಂತ ಕಡಿಮೆ. 2012ರಲ್ಲಿ ಅವರು ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭಿಸಿದರು. ಅಲ್ಲಿನ ಸ್ಥಳೀಯ ಕೇಬಲ್ ವಾಹಿನಿಯೇ ಬೆನ್ನಿಗೆ ನಿಂತು ಪ್ರಸಾರ ಮಾಡಿತು. 2014ರಲ್ಲಿ ಸಂತೋಷ್ ಟ್ರೋಫಿ, 2017ರಲ್ಲಿ ಐಜಾಲ್ ಎಫ್‌ಸಿಗೆ ಐ–ಲೀಗ್. ನಿಯಮಿತವಾಗಿ ಪಂದ್ಯ ನಡೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಇನ್ನೊಂದಿಲ್ಲ.

‘ಅದು ಫುಟ್‌ಬಾಲ್ ಸಂಸ್ಥೆಯ ಕೆಲಸ’ ಎಂದು ತಾವು ಹೇಳಬಹುದು. ಅರ್ಧ ನಿಜ. ವಿಶ್ವ ಫುಟ್‌ಬಾಲ್ ಆಡಳಿತ ಮಂಡಳಿ ಫಿಫಾದ ನಿಯಮದಂತೆ ಸಂಸ್ಥೆಯ ಆಡಳಿತದಲ್ಲಿ ಹೊರಗಿನವರು ಕೈ ಹಾಕುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಅದೇ ಕಾರಣಕ್ಕೆ ಭಾರತವನ್ನು ಕೆಲ ದಿನ ಅಮಾನತಿನಲ್ಲೂ ಇಟ್ಟರು. ರೆಫರಿ, ನೋಂದಣಿ, ಪಂದ್ಯದ ವೇಳಾಪಟ್ಟಿ ಅವರ ಪಾಲಿನವು, ಅದನ್ನು ಕೇಳಬೇಕಾದದ್ದು ಅವರನ್ನೇ. ಆದರೆ ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯ ವಿಷಯ. ಮೈದಾನದ ಬೀಗದ ಕೈ ತಮ್ಮ ಇಲಾಖೆಯ ಜಿಲ್ಲಾ ಅಧಿಕಾರಿಯ ಬಳಿ ಇದೆ. ಶಾಲಾ ಕ್ರೀಡಾಕೂಟ ನಾಕೌಟ್ ಆಗಿರಬೇಕೋ ಲೀಗ್ ಆಗಬೇಕೋ ಎಂಬುದನ್ನು ಶಿಕ್ಷಣ ಸಚಿವರ ಜೊತೆ ಕುಳಿತು ತಾವು ತೀರ್ಮಾನಿಸಬಹುದು. ಇದಕ್ಕೆ ಯಾವ ಫಿಫಾದ ಅನುಮತಿಯೂ ಬೇಕಿಲ್ಲ.

ಆದ್ದರಿಂದ ಕೇಳುತ್ತಿರುವುದಿಷ್ಟು. ಜಿಲ್ಲಾ ಕ್ರೀಡಾಂಗಣಗಳಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಭಾನುವಾರಗಳನ್ನು ಬಾಡಿಗೆಯಿಲ್ಲದೆ ಲೀಗ್‌ಗೆ ಮೀಸಲಿಡಿ, ಸಭೆ ಸಮಾರಂಭಗಳನ್ನು ಬೇರೆಡೆಗೆ ಕಳಿಸಿ. ತಾಲ್ಲೂಕು ಮಟ್ಟದಲ್ಲಾದರೂ ಪ್ರತಿ ಶಾಲಾ ತಂಡಕ್ಕೂ ನಾಲ್ಕೈದು ಪಂದ್ಯ ಸಿಗುವಂತೆ ಕ್ರೀಡಾಕೂಟವನ್ನು ಗುಂಪು ಹಂತಕ್ಕೆ ಬದಲಿಸಿ. ಬಾಲಕಿಯರಿಗೂ ಇದೇ ವ್ಯವಸ್ಥೆ ಇರಲಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಮಹಿಳಾ ರಾಷ್ಟ್ರೀಯ ಲೀಗ್‌ನ ಫೈನಲ್‌ವರೆಗೆ ಹೋಗಿ ಬಂದಿದೆ. ನಮ್ಮ ಕಡೆಯ ಹುಡುಗಿಯರು ಆಡಲು ಬೇರೆ ಜಿಲ್ಲೆಗೆ ಹೋಗಬೇಕಾಗಿದೆ. ನೌಕರಿಯ ವಿಷಯವನ್ನು ತಮ್ಮ ಸರ್ಕಾರದ ನಿಗಮ ಮಂಡಳಿಗಳಲ್ಲಿ ಮತ್ತೆ ಎತ್ತಬಹುದೇ ನೋಡಿ. ಹಳೆಯ ಕಾರ್ಖಾನೆ ತಂಡಗಳು ವಾಪಸ್ ಬರುತ್ತವೆ ಎಂಬ ಭ್ರಮೆ ನನಗಿಲ್ಲ, ಆದರೆ ಮಕ್ಕಳ ಮನೆಯವರು ಕೇಳುವ ಮೊದಲ ಪ್ರಶ್ನೆ ಇಂದಿಗೂ ಅದೇ.

ಇದೆಲ್ಲಕ್ಕೂ ಮೊದಲು ಒಂದು ಸಣ್ಣ ಕೆಲಸ. ರಾಜ್ಯದ 31 ಜಿಲ್ಲೆಗಳ ಪೈಕಿ ಎಷ್ಟು ಕಡೆ ಕಳೆದ ವರ್ಷ ಲೀಗ್ ಮಾದರಿಯ ಫುಟ್‌ಬಾಲ್ ನಡೆದಿದೆ ಎಂದು ತಮ್ಮ ಅಧಿಕಾರಿಗಳಿಂದ ವರದಿ ತರಿಸಿ, ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಿ. ನಮ್ಮ ಜಿಲ್ಲೆಯ ಹೆಸರಿನ ಮುಂದೆ ಏನು ಬರೆಯುತ್ತಾರೆ ಎಂದು ನೋಡುವ ಕುತೂಹಲ ನನಗೂ ನನ್ನ ಹುಡುಗರಿಗೂ ಇದೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಫುಟ್‌ಬಾಲ್ ತರಬೇತುದಾರ