ನಂಟಸ್ತನ ಆಮೇಲೆ ಬರೆಯಿರಿ

ಮಾನ್ಯರೇ,

ಸಿನಿಮಾ ಪುಟಗಳಲ್ಲಿ ನಟಿ, ನಿರ್ದೇಶಕಿ ವಿಜಯಲಕ್ಷ್ಮಿ ಸಿಂಗ್ ಅವರ ಪರಿಚಯ ಬಹುತೇಕ ‘ನಿರ್ದೇಶಕ ರಾಜೇಂದ್ರ ಸಿಂಗ್ ಬಾಬು ಸೋದರಿ, ನಟ ಜೈಜಗದೀಶ್ ಪತ್ನಿ’ ಎಂಬಲ್ಲಿಗೇ ಮುಗಿಯುತ್ತದೆ. ತಾಯಿ ಪ್ರತಿಮಾದೇವಿಯ ಹೆಸರೇ ಇರುವುದಿಲ್ಲ! ನೂರು ದಿನ ಓಡಿ ಹೆಸರಾದ 1951ರ ‘ಜಗನ್ಮೋಹಿನಿ’ಯ ಮುಖ್ಯ ಪಾತ್ರದಲ್ಲಿದ್ದವರು ಆಕೆ, ನಿರ್ದೇಶನ ತಂದೆ ಶಂಕರ್ ಸಿಂಗ್ ಅವರದು.

ಮಗಳು ನಟನೆಗಷ್ಟೇ ನಿಲ್ಲಲಿಲ್ಲ. 2007ರ ‘ಈ ಬಂಧನ’ದ ಕಥೆ ಹಿಂದಿಯ ‘ಬಾಗ್‌ಬಾನ್’ನದು, ನಿಜ. ಆದರೆ ವಿಷ್ಣುವರ್ಧನ್, ಜಯಪ್ರದಾ ಅವರಂಥ ಹಿರಿಯರ ಮುಂದೆ ನಿಂತು ‘ಆ್ಯಕ್ಷನ್’, ‘ಕಟ್’ ಹೇಳಿದವರು ಇವರೇ. ಆಮೇಲೆ ‘ಮಳೆ ಬರಲಿ ಮಂಜೂ ಇರಲಿ’, ‘ವಾರೆವ್ಹಾ’. 2019ರ ‘ಯಾನ’ದಲ್ಲಂತೂ ತಮ್ಮ ಮೂವರು ಹೆಣ್ಣುಮಕ್ಕಳನ್ನೂ ಒಟ್ಟಿಗೇ ತೆರೆಗೆ ತಂದರು.

‘ನಟಿ, ನಿರ್ದೇಶಕಿ’ ಎಂದು ಮೊದಲು ಅಚ್ಚಾಗಲಿ.

– ಓದುಗ, ಬೆಂಗಳೂರು