ದೇವರು ಒಬ್ಬನೇ ಅನ್ನಿ, ಆದ್ರೆ ವ್ಯತ್ಯಾಸ ಮುಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ಯೆಹೂದಿಗಳು, ಕ್ರೈಸ್ತರು, ಮುಸ್ಲಿಮರು ನಂಬೋದು ಒಬ್ಬನೇ ದೇವರನ್ನಾ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ನಡೀತಿರೋ ಚರ್ಚೆ ಬಿಡದೇ ಓದ್ತಿದ್ದೀನಿ. ಒಬ್ರು 'ಎಲ್ಲಾ ಒಂದೇ, ಸುಮ್ನೆ ಯಾಕೆ ಜಗಳ' ಅಂತ ಕೈತೊಳ್ಕೊಂಡ್ರು, ಇನ್ನೊಬ್ರು 'ಒಂದಕ್ಕೊಂದು ಸಂಬಂಧಾನೇ ಇಲ್ಲ' ಅಂದ್ಬಿಟ್ರು. ಎರಡೂ ನನಗೆ ಒಪ್ಪಿಗೆ ಆಗ್ಲಿಲ್ಲ.

ನಾನು ಬೆಳಗಾವಿ ಕಡೆಯ ಲಿಂಗಾಯತ, ಮುಂಬೈನ ಮಾಹಿಮ್‌ನಲ್ಲೇ ಸಂಸಾರ ಮಾಡ್ಕೊಂಡು ಬಂದವನು. ನಮ್ಮ ಜನ ಈ ವಿಷಯ ಬಂದ ಕೂಡ್ಲೇ ಬಸವಣ್ಣನವರ 'ದೇವನೊಬ್ಬ ನಾಮ ಹಲವು' ಅಂತ ಶುರು ಮಾಡ್ತಾರೆ, ಅಲ್ಲಿಗೇ ನಿಲ್ಲಿಸ್ತಾರೆ. ವಚನ ಪೂರ್ತಿ ಓದ್ರಿ. ಮುಂದಿನ ಮಾತೇ 'ಪರಮ ಪತಿವ್ರತೆಗೆ ಗಂಡನೊಬ್ಬ' ಅಂತ. ಇನ್ನೊಂದಕ್ಕೆ ಎರಗಿದ್ರೆ ಕಿವಿ ಮೂಗು ಕೊಯ್ತಾನೆ ಅಂತಾರೆ, ಹಲವು ದೈವದ ಎಂಜಲು ತಿನ್ನೋರಿಗೆ ಏನನ್ನಲಿ ಅಂತ ಬೇಜಾರು ಮಾಡ್ಕೋತಾರೆ. ಯಾವುದಾದ್ರೂ ನಡೀತದೆ ಅನ್ನೋ ಧಾಟಿ ಇದರಲ್ಲಿ ಎಲ್ಲಿದೆ? ದೇವರು ಒಬ್ಬನೇ ಅಂತ ನಂಬಿದವನಿಗೆ ಆ ಒಬ್ಬ ಯಾರು, ಹೆಂಗಿದ್ದಾನೆ ಅನ್ನೋದು ಜೀವದ ಪ್ರಶ್ನೆ, ಅದನ್ನ 'ಎಲ್ಲಾ ಒಂದೇ ಬಿಡಿ' ಅಂತ ತಳ್ಳಿಹಾಕೋದು ಅವನಿಗೆ ಮಾಡೋ ಮರ್ಯಾದೆ ಅಲ್ಲ.

ಹಂಗಂತ ಬೇರೆ ಬೇರೆ ದೇವರು ಅನ್ನೋಕೂ ಬರಲ್ಲ. ಮೂರೂ ಧರ್ಮದವರು ತಮ್ಮ ಮೂಲಪುರುಷ ಅಬ್ರಹಾಮನ ದೇವರೇ ನಮ್ಮ ದೇವರು ಅಂತಾರೆ. ಕುರಾನಿನ 29ನೇ ಸೂರಾದಲ್ಲಿ (ಅಧ್ಯಾಯದಲ್ಲಿ) ಗ್ರಂಥದವರ, ಅಂದ್ರೆ ಯೆಹೂದಿ, ಕ್ರೈಸ್ತರ ಜೊತೆ ಮಾತಾಡೋವಾಗ ನಮ್ಮ ದೇವರೂ ನಿಮ್ಮ ದೇವರೂ ಒಬ್ಬನೇ ಅಂತ ಹೇಳಿ ಅಂತಿದೆ. ಕ್ಯಾಥೊಲಿಕ್ ಚರ್ಚು 1965ರಲ್ಲಿ ವ್ಯಾಟಿಕನ್ ಮಹಾಸಭೆಯಲ್ಲಿ ಹೊರಡಿಸಿದ 'ನೊಸ್ಟ್ರಾ ಏತಾತೆ' ಅನ್ನೋ ಘೋಷಣೆಯಲ್ಲಿ, ಮುಸ್ಲಿಮರು ಆರಾಧಿಸೋದು ಭೂಮಿ ಆಕಾಶ ಸೃಷ್ಟಿಸಿದ ಕರುಣಾಮಯಿ ಏಕದೇವರನ್ನೇ ಅಂತ ಬರೀತು. ಆದ್ರೆ ಅದೇ ಜಾಗದಲ್ಲಿ, ಅವರು ಏಸುವನ್ನ ದೇವರು ಅಂತ ಒಪ್ಪಲ್ಲ, ಪ್ರವಾದಿ ಅಂತ ಗೌರವಿಸ್ತಾರೆ, ತಾಯಿ ಮರಿಯಳನ್ನೂ ಗೌರವಿಸ್ತಾರೆ ಅಂತಾನೂ ಬರೀತು. ಒಪ್ಪೋದನ್ನೂ ಒಪ್ಪದೇ ಇರೋದನ್ನೂ ಪಕ್ಕಪಕ್ಕ ಇಟ್ಟಿದ್ದು ನನಗೆ ತುಂಬಾ ಹಿಡಿಸ್ತು.

ವ್ಯತ್ಯಾಸ ಸಣ್ಣದೂ ಅಲ್ಲ ನೋಡ್ರಿ. ತಂದೆ, ಮಗ, ಪವಿತ್ರಾತ್ಮ ಅನ್ನೋದು ಬಿಟ್ರೆ ಕ್ರೈಸ್ತರ ಪ್ರಾರ್ಥನೆಯೇ ನಿಲ್ಲಲ್ಲ. ಕುರಾನಿನ 112ನೇ ಸೂರಾ ನೇರವಾಗಿ ದೇವರು ಯಾರನ್ನೂ ಹೆತ್ತಿಲ್ಲ, ಅವನನ್ನೂ ಯಾರೂ ಹೆತ್ತಿಲ್ಲ ಅನ್ನುತ್ತೆ. ಜೆರುಸಲೇಮಿನಲ್ಲಿ ಏಳನೇ ಶತಮಾನದ ಕೊನೆಗೆ ಕಟ್ಟಿದ 'ಡೋಮ್ ಆಫ್ ದ ರಾಕ್' ಅನ್ನೋ ಮುಸ್ಲಿಮರ ಪವಿತ್ರ ಕಟ್ಟಡದ ಒಳಗೆ ಮೂರು ಅನ್ನಬೇಡಿ, ದೇವರು ಒಬ್ಬನೇ ಅಂತ ಬರೆಸಿದ್ದಾರೆ. ಈಗ ನನ್ನ ಪ್ರಶ್ನೆ: ಹಳೇ ಗ್ರೀಕರ ದೇವರು ಝ್ಯೂಸ್‌ಗೆ ಎಷ್ಟು ಮಕ್ಕಳು ಅಂತ ಯಾವ ಮೌಲ್ವಿಯಾದ್ರೂ ಯಾವ ಪಾದ್ರಿ ಜೊತೆಗಾದ್ರೂ ವಾದಕ್ಕಿಳಿದಿದ್ದಾರಾ? ಇಬ್ಬರೂ ಮಾತಾಡ್ತಿರೋದು ಒಬ್ಬನ ಬಗ್ಗೆನೇ ಆಗಿದ್ರೆ ತಾನೇ ಅವನಿಗೆ ಮಗ ಇದ್ದಾನಾ ಇಲ್ವಾ ಅನ್ನೋ ಜಗಳಕ್ಕೆ ಅರ್ಥ. ಬೇರೆ ದೇವರಾಗಿದ್ರೆ ನಿನ್ನವನಿಗೆ ಇರಬಹುದು, ನನ್ನವನಿಗೆ ಇಲ್ಲ ಅಂತ ಅವತ್ತೇ ಮುಗೀತಿತ್ತು. ಸಾವಿರ ವರ್ಷಕ್ಕೂ ಮೀರಿದ ಆ ವಾದವೇ ಇಬ್ಬರೂ ಒಬ್ಬನನ್ನೇ ಕುರಿತು ಮಾತಾಡ್ತಿದ್ದಾರೆ ಅನ್ನೋದಕ್ಕೆ ಸಾಕ್ಷಿ, ನಾನಂತೂ ಹಂಗೇ ತಿಳ್ಕೊಂಡಿದ್ದೀನಿ.

12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಕಥೆ ಇಲ್ಲಿ ಹೇಳಲೇಬೇಕು. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದವರು, ಅಲ್ಮೊಹದ್ ಅನ್ನೋ ಮುಸ್ಲಿಂ ದೊರೆಗಳ ಕಾಟಕ್ಕೆ ಕುಟುಂಬ ಊರು ಬಿಡಬೇಕಾಯ್ತು. ಮುಂದೆ ಯೆಹೂದಿ ಧರ್ಮಕ್ಕೆ ಸೇರಿದ ಓಬದ್ಯ ಅನ್ನೋರು ಅವರಿಗೆ ಒಂದು ಕಾಗದ ಬರೀತಾರೆ. ಮುಸ್ಲಿಮರು ವಿಗ್ರಹಾರಾಧಕರಲ್ಲ ಅಂದಿದ್ದಕ್ಕೆ ಓಬದ್ಯರನ್ನ ಅವರ ಗುರುವೇ ಮೂರ್ಖ ಅಂತ ಬೈದಿರ್ತಾನೆ. ಮೈಮೊನಿಡಿಸ್ ಓಬದ್ಯರ ಪರ ನಿಂತು, ಮುಸ್ಲಿಮರ ಏಕದೇವ ನಂಬಿಕೆಯಲ್ಲಿ ಕೊರತೆ ಇಲ್ಲ, ತಪ್ಪು ನಿನ್ನ ಗುರುವಿನದ್ದೇ ಅಂತ ಉತ್ತರ ಕೊಟ್ರು. ತಮ್ಮನ್ನ ಊರು ಬಿಡಿಸಿದವರ ನಂಬಿಕೆ ಬಗ್ಗೆ ಇಷ್ಟು ನ್ಯಾಯವಾಗಿ ಮಾತಾಡೋಕೆ ಎಂಥಾ ಮನಸ್ಸು ಬೇಕು! ಅದೇ ಮನುಷ್ಯ ಕ್ರೈಸ್ತರ ಬಗ್ಗೆ ಮಾತ್ರ ಆ ಮಾತು ಹೇಳಲಿಲ್ಲ, ತಂದೆ, ಮಗ, ಪವಿತ್ರಾತ್ಮ ಅನ್ನೋ ತ್ರಿತ್ವ ಅವರಿಗೆ ಒಪ್ಪಿಗೆ ಆಗ್ಲಿಲ್ಲ. 2015ರಲ್ಲಿ ಅಮೆರಿಕದ ವೀಟನ್ ಅನ್ನೋ ಕ್ರೈಸ್ತ ಕಾಲೇಜಿನ ಪ್ರೊಫೆಸರ್ ಲಾರಿಶಿಯಾ ಹಾಕಿನ್ಸ್ ಹಿಜಾಬ್ ಹಾಕ್ಕೊಂಡು, ಮುಸ್ಲಿಮರೂ ಕ್ರೈಸ್ತರೂ ಆರಾಧಿಸೋದು ಒಬ್ಬನೇ ದೇವರನ್ನ ಅಂತ ಫೇಸ್‌ಬುಕ್ಕಲ್ಲಿ ಬರೆದಿದ್ದಕ್ಕೆ ಅವರನ್ನ ರಜೆ ಮೇಲೆ ಕಳಿಸಿದ್ರು, ಮರುವರ್ಷ ಕಾಲೇಜನ್ನೇ ಬಿಡೋ ಹಾಗಾಯ್ತು. ಓಬದ್ಯರ ಗುರು ಇನ್ನೂ ಇದ್ದಾನೆ ಅಂತಾಯ್ತು.

ನಮ್ಮ ಮಾಹಿಮ್‌ಗೆ ಒಂದು ಬುಧವಾರ ಬನ್ನಿ. ಸೈಂಟ್ ಮೈಕಲ್ ಚರ್ಚಿನಲ್ಲಿ ನಿತ್ಯ ಸಹಾಯ ಮಾತೆ ಮರಿಯಳ ನೊವೆನಾ ಪ್ರಾರ್ಥನೆ, ಹೊರಗೆ ಮೇಣದಲ್ಲಿ ಮಾಡಿದ ಕೈ, ಕಾಲು, ಪುಟ್ಟ ಮನೆ, ಮಗು ಎಲ್ಲಾ ಮಾರೋಕಿಟ್ಟಿರ್ತಾರೆ. ಕಾಲು ನೋವಿದ್ದೋರು ಕಾಲು, ಬಾಡಿಗೆ ಮನೆಯಲ್ಲಿರೋರು ಮನೆ ತಗೊಂಡು ಲೈನಲ್ಲಿ ನಿಲ್ತಾರೆ, ಕುಂಕುಮ ಇಟ್ಟೋರೂ ಬುರ್ಖಾ ಹಾಕಿದೋರೂ. ನಮ್ಮ ಬಿಲ್ಡಿಂಗಿನ ಬ್ಯಾರಿ ಮನೆಯ ಅಕ್ಕ, ಮಂಗಳೂರು ಕಡೆಯ ಕ್ಯಾಥೊಲಿಕ್ ಆಂಟಿ ಜೊತೆ ಹೋಗ್ತಾರೆ. ಒಮ್ಮೆ ಕೇಳಿದಾಗ ಅಕ್ಕ ಹೇಳಿದ್ರು, 'ಮರಿಯಮ್ ನಮಗೂ ದೊಡ್ಡವರು ಅಣ್ಣ, ಕುರಾನಲ್ಲಿ ಅವರ ಹೆಸರಿನ ಸೂರಾನೇ ಇದೆ. ಆದ್ರೆ ಏಸು ದೇವರ ಮಗ ಅಂತ ನನ್ನ ಬಾಯಲ್ಲಿ ಬರಲ್ಲ.' ಆಂಟಿ ಪಕ್ಕದಲ್ಲೇ ಇದ್ರು. 'ಅದನ್ನ ಬಿಟ್ರೆ ನಾನು ಕ್ರಿಶ್ಚಿಯನ್ನೇ ಅಲ್ಲ' ಅಂದ್ರು. ಇಬ್ಬರಿಗೂ ಬೇಜಾರಾಗಲಿಲ್ಲ, ಯಾಕಂದ್ರೆ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಅದಕ್ಕೇ ಒಂದು ವಿನಂತಿ. ಹಬ್ಬ ಬಂದಾಗ 'ಎಲ್ಲ ಧರ್ಮದ ಸಾರ ಒಂದೇ' ಅಂತ ಯಾರೋ ಮೂರನೆಯವರ ಕೈಲಿ ಬರೆಸೋ ಬದಲು, ಒಬ್ಬ ಪಾದ್ರಿ, ಒಬ್ಬ ಮೌಲ್ವಿ, ಬೈಕುಲ್ಲಾ ಸಿನಗಾಗ್ ಕಡೆಯಿಂದ ಒಬ್ಬ ಯೆಹೂದಿ ಹಿರಿಯರು, ಇವರ ಕೈಲೇ ಬರೆಸಿ. ತಮ್ಮ ದೇವರು ಹೆಂಗೆ, ಪಕ್ಕದವರ ಯಾವ ಮಾತು ಒಪ್ಪೋಕಾಗಲ್ಲ, ಯಾಕೆ, ಇಷ್ಟನ್ನ ಅವರೇ ಹೇಳಲಿ. ಇಲ್ಲಿನ ಬೆನೆ ಇಸ್ರೇಲಿ ಯೆಹೂದಿಗಳು ಮರಾಠಿ ಮಾತಾಡೋರು, ಅವರು ಮರಾಠಿಯಲ್ಲಿ ಬರೆದುಕೊಟ್ರೆ ಕನ್ನಡಕ್ಕೆ ಮಾಡಿಕೊಡೋ ಕೆಲಸ ನನಗೆ ಬಿಡಿ.

ಇಂತಿ,
ನಿಮ್ಮ ಓದುಗ, ಮಾಹಿಮ್, ಮುಂಬೈ